ಓದುಗರ ಪ್ರಶ್ನೆ, ನಮ್ಮ ಉತ್ತರ: ಈಜಿಪ್ಟಿನ ಲಿಪಿಕಾರರು ಏನ್ ಕಲೀತಿದ್ರು, ಏನ್ ಬರೀತಿದ್ರು?

ಕಳೆದ ಸಂಚಿಕೇಲಿ ಪಿರಮಿಡ್ ಕಟ್ಟಿದ ಕೂಲಿಯವರ ಬಗ್ಗೆ ಬರೆಯುವಾಗ, ಅವರ ರೇಷನ್ ಲೆಕ್ಕ ಬರೆದಿಡ್ತಿದ್ದವರು ಲಿಪಿಕಾರರು ಅಂತ ಒಂದು ಸಾಲು ಹಾಕಿದ್ದೆ. ಆ ಒಂದು ಸಾಲು ಹಿಡ್ಕೊಂಡು ಇಷ್ಟೊಂದು ಪ್ರಶ್ನೆ ಬಂದಿವೆ ಅಂದ್ರೆ ತುಂಬಾ ಖುಷಿ ಆಗತ್ತೆ, ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವರಿಗೇ. ಒಂದೇ ಥರದ ಪ್ರಶ್ನೆಗಳನ್ನ ಒಟ್ಟಿಗೆ ಸೇರಿಸಿದೀನಿ.

ಪ್ರಶ್ನೆ: ಈಜಿಪ್ಟಿನ ಗೋಡೆ, ಕಂಬ, ಶವಪೆಟ್ಟಿಗೆ ಎಲ್ಲಾ ಕಡೆ ಬರಹ ಇದೆಯಲ್ಲ, ಅಲ್ಲಿನ ಜನರಿಗೆಲ್ಲ ಓದೋಕೆ ಬರ್ತಿತ್ತಾ? (ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಇಲ್ಲಮ್ಮ. ಪಿರಮಿಡ್ ಕಾಲದಲ್ಲಿ ನೂರಕ್ಕೆ ಒಬ್ಬರಿಗೆ ಓದು ಬರಹ ಬರ್ತಿತ್ತು ಅನ್ನೋದು ವಿದ್ವಾಂಸರ ಅಂದಾಜು. ಮತ್ತೆ ನೀವು ಗೋಡೆ ಮೇಲೆ ನೋಡೋ ಹಕ್ಕಿ, ಹಾವು, ಕಣ್ಣಿನ ಚಿತ್ರಗಳ ಲಿಪಿ ಇದೆಯಲ್ಲ, ಹೈರೋಗ್ಲಿಫ್, ಅದು ದಿನನಿತ್ಯದ ಬರವಣಿಗೆ ಅಲ್ಲ, ಕಲ್ಲಲ್ಲಿ ಕೆತ್ತೋಕೆ, ದೇವರಿಗೆ, ರಾಜನಿಗೆ ಅಂತ ಇಟ್ಕೊಂಡಿದ್ದ ಲಿಪಿ. ಆಫೀಸ್ ಕೆಲಸ, ಪತ್ರ, ಲೆಕ್ಕ, ಕಥೆ ಎಲ್ಲಾ ಬರೀತಿದ್ದದ್ದು ಹೈರಾಟಿಕ್ ಅನ್ನೋ ಕೂಡಕ್ಷರದಂಥ ಓಡುವ ಬರಹದಲ್ಲಿ, ಬಲದಿಂದ ಎಡಕ್ಕೆ, ಕುಂಚದಂಥ ಲೇಖನಿ ಹಿಡಿದು ಸರಸರ ಅಂತ. ಹುಡುಗರು ಮೊದಲು ಕಲೀತಿದ್ದದ್ದೂ ಅದನ್ನೇ. ಚಿತ್ರಲಿಪಿ ಆಮೇಲೆ, ಅದೂ ಅದರ ಕೆಲಸಕ್ಕೆ ಹೋಗೋರಿಗೆ. ಕ್ರಿ.ಪೂ. 650ರ ಹೊತ್ತಿಗೆ ಇನ್ನೂ ವೇಗವಾಗಿ ಬರೆಯೋ ಡೆಮಾಟಿಕ್ ಅನ್ನೋ ಲಿಪಿ ಬಂತು.

ಪ್ರಶ್ನೆ: ನಾನು ಪ್ರೈಮರಿ ಸ್ಕೂಲ್ ಟೀಚರ್. ಆ ಮಕ್ಕಳಿಗೆ ಹೇಗೆ ಕಲಿಸ್ತಿದ್ರು, ಪಠ್ಯಪುಸ್ತಕ ಅಂತ ಏನಾದ್ರೂ ಇತ್ತಾ, ಹೊಡೀತಿದ್ರಾ? (ಮೈಸೂರು)

ಉತ್ತರ: ಪಠ್ಯಪುಸ್ತಕ ಇತ್ತು ಟೀಚರ್, ಮತ್ತೆ ಅದು ನೂರಾರು ವರ್ಷ ಬದಲಾಗ್ಲೇ ಇಲ್ಲ ಅನ್ನೋದೇ ವಿಶೇಷ. ಅದರ ಹೆಸರು ಕೆಮಿಟ್. ಅದರಲ್ಲಿ ಇರೋದು ಪತ್ರ ಶುರು ಮಾಡೋ ಒಕ್ಕಣೆ, ಗೌರವದ ಮಾತು, ಆಗಾಗ ಬೇಕಾಗೋ ವಾಕ್ಯಗಳು, ಇಂಥವೇ. ಒಂದೊಂದೇ ಅಕ್ಷರ ತಿದ್ದಿಸಿ ಕಲಿಸೋ ಪದ್ಧತಿ ಇರ್ಲಿಲ್ಲ, ಇಡೀ ಪದ, ಇಡೀ ವಾಕ್ಯವನ್ನೇ ಗಟ್ಟಿಯಾಗಿ ಹೇಳಿಸಿ, ನೋಡಿ ಬರೆಸಿ, ಬಾಯಿಪಾಠ ಮಾಡಿಸ್ತಿದ್ರು. ಕೆಮಿಟ್ಟನ್ನ ಮೇಲಿಂದ ಕೆಳಕ್ಕೆ ಕಂಬಸಾಲಲ್ಲಿ ಬರೀಬೇಕಿತ್ತು, ಹೊರಗೆ ಆಫೀಸಲ್ಲಿ ಎಲ್ಲರೂ ಅಡ್ಡಸಾಲಲ್ಲಿ ಬರೆಯೋ ಕಾಲ ಬಂದು ಎಷ್ಟೋ ತಲೆಮಾರು ಕಳೆದ ಮೇಲೂ ಸ್ಕೂಲಲ್ಲಿ ಮಾತ್ರ ಅದೇ ಹಳೇ ಕಂಬಸಾಲು. ಭಾಷೇನೂ ಹಾಗೇ. ರಾಮೆಸಿಸ್ ರಾಜರ ಕಾಲದ ಹುಡುಗ ಮನೇಲಿ ಒಂದು ಭಾಷೆ ಆಡ್ತಿದ್ದ, ಶಾಲೇಲಿ 600 ವರ್ಷ ಹಿಂದಿನ ಭಾಷೆ ಬರೀತಿದ್ದ.

ಬರೆಯೋಕೆ ಪಪೈರಸ್, ಅಂದ್ರೆ ಗಿಡದ ದಂಟಿಂದ ಮಾಡಿದ ಅವರ ಕಾಗದ, ಕೊಡ್ತಿರ್ಲಿಲ್ಲ. ಮರದ ಹಲಗೆಗೆ ಬಿಳಿ ಗಾರೆ ಬಳಿದು, ಬರೆದು, ಒರೆಸಿ, ಮತ್ತೆ ಬರೆಯೋದು. ಇಲ್ಲಾಂದ್ರೆ ಒಡೆದ ಮಡಕೆ ಚೂರು, ಸುಣ್ಣಕಲ್ಲಿನ ಚಕ್ಕೆ, ಇವು ಪುಕ್ಕಟೆ ಸಿಗ್ತಿದ್ವು. ಇವಕ್ಕೆ ಓಸ್ಟ್ರಕಾ ಅಂತಾರೆ. ಲಕ್ಸರ್ ಎದುರಿನ ದಡದಲ್ಲಿ ದೇರ್ ಎಲ್ ಮದೀನಾ ಅನ್ನೋ ಊರಿದೆ, ರಾಜರ ಕಣಿವೇಲಿ ಗೋರಿ ಕೊರೀತಿದ್ದ ಕೆಲಸಗಾರರು ಸಂಸಾರ ಸಮೇತ ಇದ್ದ ಊರು, ಅಲ್ಲಿ ಇಂಥ ಚೂರುಗಳು ಸಾವಿರಾರು ಸಿಕ್ಕಿವೆ. ಕೆಲವು ಪಾಠಗಳ ಪಕ್ಕದಲ್ಲಿ ಅವತ್ತಿನ ತಾರೀಕು ಹಾಕಿರತ್ತೆ, ಕೆಂಪು ಇಂಕಲ್ಲಿ ತಿದ್ದಿರೋದೂ ಉಂಟು. ಕೆಂಪಲ್ಲಿ ತಿದ್ದೋ ಅಭ್ಯಾಸ ಅಷ್ಟು ಹಳೇದು ಅಂತ ನೀವು ನಿಮ್ಮ ಕ್ಲಾಸಲ್ಲಿ ಧೈರ್ಯವಾಗಿ ಹೇಳಬಹುದು.

ಹೊಡೀತಿದ್ರಾ ಅಂದ್ರೆ, ಹೌದು. "ಹುಡುಗನ ಕಿವಿ ಇರೋದು ಬೆನ್ನ ಮೇಲೆ, ಹೊಡೆದ್ರೇ ಕೇಳಿಸೋದು" ಅನ್ನೋ ಅರ್ಥದ ಮಾತನ್ನ ಹುಡುಗರ ಕೈಲೇ ಕಾಪಿ ಬರೆಸ್ತಿದ್ರು. ಅದೇ ಪಾಠಗಳಲ್ಲಿ ಓದು ಬಿಟ್ಟು ಬಿಯರ್ ಅಂಗಡಿ ಸುತ್ತೋ ಹುಡುಗನಿಗೆ ಬೈಗುಳದ ಮಳೆ.

ಇನ್ನು ಇವೆಲ್ಲಕ್ಕಿಂತ ಜಾಸ್ತಿ ಕಾಪಿ ಆದ ಪಾಠ ಅಂದ್ರೆ ಖೇತಿ ಅನ್ನೋ ಅಪ್ಪ ಮಗನಿಗೆ ಹೇಳಿದ ಬುದ್ಧಿಮಾತು. ಕ್ರಿ.ಪೂ. 1900ರ ಆಸುಪಾಸಿನ ಬರಹ, ಸಿಕ್ಕಿರೋ ಪ್ರತಿಗಳಲ್ಲಿ ಹೆಚ್ಚಿನವು ಅದಾಗಿ ಆರೇಳು ನೂರು ವರ್ಷ ಕಳೆದ ಮೇಲಿನವು. ಮಗ ಪೇಪಿಯನ್ನ ರಾಜಧಾನಿಯ ಶಾಲೆಗೆ ಸೇರಿಸೋಕೆ ದೋಣೀಲಿ ಕರ್ಕೊಂಡು ಹೋಗ್ತಾ ದಾರಿ ಉದ್ದಕ್ಕೂ ಒಂದೊಂದೇ ಕಸುಬಿನ ಕಷ್ಟ ಹೇಳ್ತಾನೆ. ತಾಮ್ರದ ಕೆಲಸದವನು ಕುಲುಮೆ ಬಾಯಲ್ಲಿ ನಿಂತಿರ್ತಾನೆ, ಬೆರಳು ಮೊಸಳೆ ಚರ್ಮದ ಹಾಗೆ ಆಗಿರತ್ತೆ, ಮೀನಿನ ಮೊಟ್ಟೆಗಿಂತ ಜಾಸ್ತಿ ನಾತ ಹೊಡೀತಾನೆ, ಕುಂಬಾರ ಬದುಕಿರುವಾಗಲೇ ಮಣ್ಣೊಳಗೆ ಹೂತು ಹೋಗಿರ್ತಾನೆ, ಬಟ್ಟೆ ಒಗೆಯೋನಿಗೆ ಹೊಳೆ ದಡದಲ್ಲಿ ಮೊಸಳೆಯೇ ನೆರೆಮನೆ, ಇವರೆಲ್ಲರಿಗೂ ಮೇಲೊಬ್ಬ ಧಣಿ ಇರ್ತಾನೆ, ಲಿಪಿಕಾರನಿಗೆ ಮಾತ್ರ ಇಲ್ಲ, ಅವನೇ ಧಣಿ, ಅದಕ್ಕೆ ಓದು ಮಗನೇ ಅಂತ. ಪಾಪ, ಎಷ್ಟೋ ಹುಡುಗರು ಅರ್ಥ ಆಗದೇ ಕಾಪಿ ಹೊಡೆದಿದಾರೆ, ಕೆಲವು ಪ್ರತಿಗಳಲ್ಲಿ ತಪ್ಪು ಎಷ್ಟಿವೆ ಅಂದ್ರೆ ಈಗಿನ ತಜ್ಞರಿಗೂ ಕೆಲವು ಸಾಲು ಬಿಡಿಸೋದು ಕಷ್ಟ.

ನನಗೆ ಈ ಪಾಠ ಓದಿದಾಗಲೆಲ್ಲ ಒಂದು ವಿಷಯ ಕಾಡತ್ತೆ. ಇಲ್ಲಿ ಕುಂಬಾರನ ಬಗ್ಗೆ ಮಾತಾಡ್ತಿರೋದು ಕುಂಬಾರ ಅಲ್ಲ. ಈಜಿಪ್ಟಿನ ಬಗ್ಗೆ ನಮಗೆ ಗೊತ್ತಿರೋ ಬಹುಪಾಲು ವಿಷಯ ಲಿಪಿಕಾರರ ಕೈಯಿಂದಲೇ ಬಂದಿದ್ದು, ತಮ್ಮ ಕಸುಬನ್ನ ಹೊಗಳಿದ್ದೂ ಅವರೇ, ಬೇರೆಯವರದ್ದನ್ನ ಹೀಯಾಳಿಸಿದ್ದೂ ಅವರೇ. ಹಾಗಾಗಿ ಅವರ ಹೊಗಳಿಕೆ ಮಾತನ್ನ ಅಲ್ಲಿಗೇ ಬಿಟ್ಟು, ಅವರು ದಿನಾ ಬರೆದ ಲೆಕ್ಕಪತ್ರ ನೋಡಬೇಕು ಅನ್ನೋದು ನನ್ನ ಅಭಿಪ್ರಾಯ. ಆ ಕುಂಬಾರ, ಅಗಸ, ಕಲ್ಲುಕುಟಿಗ ಎಲ್ಲಾ ನಮಗೆ ಸಿಗೋದು ಅಲ್ಲಿ.

ಪ್ರಶ್ನೆ: ಅವರ ಪೆನ್ನು, ಇಂಕು, ಪೇಪರ್ ಬಗ್ಗೆ ಸ್ವಲ್ಪ ಹೇಳಿ. (ಧಾರವಾಡ)

ಉತ್ತರ: ಸಕ್ಕಾರಾದಲ್ಲಿ ಹೆಸಿ ರಾ ಅನ್ನೋ ಅಧಿಕಾರಿಯ ಗೋರಿಯಿಂದ ಬಂದ ಮರದ ಫಲಕಗಳು ಕೈರೋ ಮ್ಯೂಸಿಯಮ್ಮಲ್ಲಿವೆ, ಕ್ರಿ.ಪೂ. 2650ರ ಹೊತ್ತಿನವು. ಅದರಲ್ಲಿ ಅವನ ಹೆಗಲಿಂದ ಇಡೀ ಸಾಮಾನು ನೇತಾಡ್ತಿದೆ: ಎರಡು ಗುಳಿ ಇರೋ ಹಲಗೆ, ಒಂದು ಸಣ್ಣ ಚೀಲ, ಲೇಖನಿ ಇಡೋ ಕೊಳವೆ. ಎರಡು ಗುಳಿ ಎರಡು ಬಣ್ಣಕ್ಕೆ. ಕಪ್ಪು ಅಂದ್ರೆ ದೀಪದ ಮಸಿಗೆ ಗೋಂದು ಕಲಸಿ ಒಣಗಿಸಿದ ಬಿಲ್ಲೆ, ಕೆಂಪು ಅಂದ್ರೆ ಕೆಮ್ಮಣ್ಣು. ಬರೆಯೋ ಮುಂಚೆ ನೀರು ಮುಟ್ಟಿಸಿ ಉಜ್ಜಿಕೊಳ್ಳೋದು. ಆ ನೀರಿಂದ ಮೊದಲು ಒಂದು ತೊಟ್ಟು ಇಮ್ಹೋಟೆಪ್ಪನಿಗೆ ಅಂತ ನೆಲಕ್ಕೆ ಬಿಡೋ ಸಂಪ್ರದಾಯ ಇತ್ತು, ಜೋಸರ್ ರಾಜನ ಮೆಟ್ಟಿಲು ಪಿರಮಿಡ್ ಕಾಲದ ಮಹಾಪಂಡಿತ ಅವನು, ಆಮೇಲಾಮೇಲೆ ದೇವರೇ ಆದ. ಲೇಖನಿ ಅಂದ್ರೆ ಜೊಂಡಿನ ಕಡ್ಡಿ, ತುದಿಯನ್ನ ಜಗಿದು ನಾರು ಬಿಡಿಸಿದ್ರೆ ಕುಂಚ ರೆಡಿ.

ಪಪೈರಸ್ ಅಂದ್ರೆ ನೈಲ್ ನದಿಯ ಜೌಗಲ್ಲಿ ಬೆಳೆಯೋ ಗಿಡ, ಅದರ ದಂಟಿನ ತಿರುಳನ್ನ ಪಟ್ಟಿಪಟ್ಟಿ ಸೀಳಿ, ಒಂದು ಪದರ ಉದ್ದಕ್ಕೆ ಇನ್ನೊಂದು ಪದರ ಅಡ್ಡಕ್ಕೆ ಹಾಸಿ, ಬಡಿದು, ಒಣಗಿಸಿ, ನುಣುಪು ಮಾಡೋದು. ಹಳೇದನ್ನ ಒರೆಸಿ ಮತ್ತೆ ಬಳಸ್ತಿದ್ರು. ಮೇಜು ಇರ್ಲಿಲ್ಲ. ಚಕ್ಕಂಬಕ್ಕಲ ಹಾಕಿ ಕೂತ್ರೆ ಸೊಂಟದ ಬಟ್ಟೆ ಎರಡು ಮಂಡಿ ಮಧ್ಯೆ ಬಿಗಿಯಾಗಿ ನಿಲ್ಲತ್ತಲ್ಲ, ಅದೇ ಅವರ ಮೇಜು. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಲ್ಲಿ ಹೀಗೆ ಕೂತಿರೋ ಒಬ್ಬ ಲಿಪಿಕಾರನ ಸುಣ್ಣಕಲ್ಲಿನ ಮೂರ್ತಿ ಇದೆ, 1850ರಲ್ಲಿ ಸಕ್ಕಾರಾದಲ್ಲಿ ಸಿಕ್ಕಿದ್ದು, ಎತ್ತರ 54 ಸೆಂಟಿಮೀಟರ್ ಅಷ್ಟೇ, ಆದ್ರೆ ಸ್ಫಟಿಕ ಕೂರಿಸಿದ ಆ ಕಣ್ಣು ನೋಡಿದ್ರೆ ಈಗ ನೀವೇನೋ ಹೇಳ್ತೀರಿ, ಅವನು ಬರ್ಕೋತಾನೆ ಅನ್ನೋ ಹಾಗಿದೆ. ಹೊಟ್ಟೆ ಮೇಲೆ ಸ್ವಲ್ಪ ಬೊಜ್ಜು. ಕೂತು ತಿನ್ನೋ ಕೆಲಸ ಅಂತ ತೋರಿಸ್ಕೊಳ್ಳೋದು ಆಗ ದೊಡ್ಡಸ್ತಿಕೆ.

ಪ್ರಶ್ನೆ: ನಾನು ಅಕೌಂಟ್ಸ್ ಕೆಲಸದಲ್ಲಿರೋನು. ಸೊನ್ನೆಯ ಸ್ಥಾನಬೆಲೆ ಇಲ್ಲದೇ ಅವರು ಲೆಕ್ಕ ಹೇಗೆ ಮಾಡ್ತಿದ್ರು ಸರ್? (ಮಂಗಳೂರು)

ಉತ್ತರ: ದುಪ್ಪಟ್ಟು ಮಾಡ್ತಾ ಹೋಗೋದು, ಬೇಕಾದ್ದನ್ನ ಆರಿಸಿ ಕೂಡಿಸೋದು. 13 ಜನಕ್ಕೆ ತಲಾ 12 ರೊಟ್ಟಿ ಅಂದ್ಕೊಳ್ಳಿ. 1ಕ್ಕೆ 12, 2ಕ್ಕೆ 24, 4ಕ್ಕೆ 48, 8ಕ್ಕೆ 96 ಅಂತ ಒಂದರ ಕೆಳಗೊಂದು ಬರೀತಾನೆ. 13 ಅಂದ್ರೆ 1, 4, 8 ಕೂಡಿದ್ದು, ಆ ಮೂರು ಸಾಲಿಗೆ ಗುರುತು ಹಾಕಿ 12, 48, 96 ಕೂಡಿಸಿದ್ರೆ 156. ಮಗ್ಗಿ ಬೇಡ, ಎರಡರಿಂದ ಗುಣಿಸೋಕೆ ಬಂದ್ರೆ ಸಾಕು.

ಕಷ್ಟ ಇದ್ದದ್ದು ಭಿನ್ನರಾಶೀಲಿ. ಮೂರನೇ ಎರಡು ಒಂದನ್ನ ಬಿಟ್ರೆ ಮಿಕ್ಕಿದ್ದೆಲ್ಲ ಮೇಲೆ 1 ಇರೋ ಭಿನ್ನರಾಶಿಯಾಗೇ ಬರೀಬೇಕು. ಅಹ್ಮೋಸ್ ಅನ್ನೋ ಲಿಪಿಕಾರ ಕ್ರಿ.ಪೂ. 1550ರ ಹೊತ್ತಿಗೆ ಒಂದು ಹಳೇ ಪ್ರತಿಯಿಂದ ನಕಲು ಮಾಡಿದ ಗಣಿತದ ಸುರುಳಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಲ್ಲಿದೆ, ರಿಂಡ್ ಪಪೈರಸ್ ಅಂತ ಹೆಸರು. ಅದರಲ್ಲಿ 9 ರೊಟ್ಟೀನ 10 ಜನಕ್ಕೆ ಹಂಚೋ ಲೆಕ್ಕ ಇದೆ. ನಾವು ಹತ್ತನೇ ಒಂಬತ್ತು ಅಂತ ಬರೆದು ಸುಮ್ಮನಾಗ್ತೀವಿ, ಅಹ್ಮೋಸ್ ಬರೆಯೋದು 2/3, ಅದಕ್ಕೆ 1/5, ಅದಕ್ಕೆ 1/30. ಕೂಡಿಸಿ ನೋಡಿ, ಸರಿಯಾಗಿ 9/10. ಅದೇ ಸುರುಳೀಲಿ ಕಣಜದ ಅಳತೆ, ಹೊಲದ ವಿಸ್ತೀರ್ಣ, ಇಷ್ಟು ಧಾನ್ಯಕ್ಕೆ ಎಷ್ಟು ರೊಟ್ಟಿ ಎಷ್ಟು ಬಿಯರ್ ಆಗಬೇಕು ಅನ್ನೋ ಲೆಕ್ಕಗಳೂ ಇವೆ, ಎಲ್ಲಾ ನಾಳೆ ಬೆಳಿಗ್ಗೆ ಕೆಲಸಕ್ಕೆ ಬರೋವು. ರಾಮೆಸಿಸ್‌ಗಳ ಕಾಲದ ಇನ್ನೊಂದು ಪಪೈರಸ್ಸಲ್ಲಿ ಹೋರಿ ಅನ್ನೋ ಲಿಪಿಕಾರ ಇನ್ನೊಬ್ಬನಿಗೆ ಸವಾಲು ಹಾಕ್ತಾನೆ: 730 ಮೊಳ ಉದ್ದ, 55 ಮೊಳ ಅಗಲದ ಇಳಿಜಾರು ಕಟ್ಟಬೇಕು, ಒಳಗೆ 120 ಖಾನೆ, ಇಟ್ಟಿಗೆ ಎಷ್ಟು ಬೇಕು ಹೇಳು ನೋಡೋಣ, ನೀನು ಬುದ್ಧಿವಂತ ಅಂತ ಎಲ್ಲರೂ ನಿನ್ನನ್ನೇ ನಂಬಿದಾರೆ, ಅಂತ ಚುಚ್ಚಿ ಚುಚ್ಚಿ ಕೇಳ್ತಾನೆ. ಲೆಕ್ಕ ಬರದವನಿಗೆ ಆ ಲೋಕದಲ್ಲಿ ಮರ್ಯಾದೆ ಇರ್ಲಿಲ್ಲ.

ಪ್ರಶ್ನೆ: ಓದು ಮುಗಿದ ಮೇಲೆ ಯಾವ ಕೆಲಸ? ನಮ್ಮ ಹಳ್ಳಿ ಶಾನುಭೋಗರ ಥರಾನಾ? (ನಿವೃತ್ತ ಗ್ರಾಮಲೆಕ್ಕಿಗರು, ಗದಗ)

ಉತ್ತರ: ಒಂದು ಮಟ್ಟಿಗೆ ಹೌದು ಯಜಮಾನ್ರೇ, ಭೂಮಿ ಅಳೆಯೋದು, ಬೆಳೆ ಅಂದಾಜು ಮಾಡೋದು, ಕಂದಾಯದ ಧಾನ್ಯ ಬರ್ಕೊಳ್ಳೋದು, ಈ ಭಾಗ ಕೇಳಿದ್ರೆ ನಿಮಗೆ ಪರಿಚಯದ ಕೆಲಸವೇ ಅನ್ನಿಸತ್ತೆ. ಲಕ್ಸರ್ ಹತ್ರ ಮೆನ್ನಾ ಅನ್ನೋ ಹೊಲದ ಲಿಪಿಕಾರನ ಗೋರಿ ಇದೆ, ಸುಮಾರು ಕ್ರಿ.ಪೂ. 1400ರದ್ದು. ಅದರ ಗೋಡೇಲಿ ಹಗ್ಗ ಹಿಡಿದು ನಿಂತ ಪೈರಿನ ಹೊಲ ಅಳೀತಿದಾರೆ, ಪಕ್ಕದಲ್ಲಿ ಲಿಪಿಕಾರರು ಹಲಗೆ ಹಿಡ್ಕೊಂಡು ನಡೀತಿದಾರೆ, ಕಣದಲ್ಲಿ ರಾಶಿ ಅಳೆದು ಬರ್ಕೋತಿದಾರೆ, ಒಬ್ಬನಿಗೆ ಏಟೂ ಬೀಳ್ತಿದೆ. ಮೆಕೆತ್ರೆ ಅನ್ನೋ ಅಧಿಕಾರಿಯ ಗೋರೀಲಿ 1920ರಲ್ಲಿ ಸಿಕ್ಕಿದ ಮರದ ಗೊಂಬೆ ಕಣಜದಲ್ಲೂ ಹಾಗೇ, ಧಾನ್ಯ ಹೊತ್ತು ತರೋರು ಒಂದು ಕಡೆ, ಬಾಗಿಲ ಹತ್ರಾನೇ ಕೂತು ಬರ್ಕೊಳ್ಳೋರು ಇನ್ನೊಂದು ಕಡೆ.

ಆ ಏಟಿನ ವಿಷಯ ಬಿಡೋಕಾಗಲ್ಲ. ಲ್ಯಾನ್ಸಿಂಗ್ ಪಪೈರಸ್ ಅಂತ ಒಂದಿದೆ, ಹುಡುಗರಿಗೆ ಓದಿನ ಹುಮ್ಮಸ್ಸು ತುಂಬೋಕೆ ಬರೆದಿದ್ದು. ಅದರಲ್ಲಿ ರೈತನ ಪಾಡು ಹೀಗೆ: ಬೆಳೆ ಹಾಳಾಗಿದೆ, ಅಷ್ಟರಲ್ಲಿ ಲಿಪಿಕಾರ ದಡಕ್ಕೆ ಬಂದು ಇಳೀತಾನೆ, ಜೊತೆಗೆ ಕೋಲು ಹಿಡಿದ ಆಳುಗಳು, ಧಾನ್ಯ ಕೊಡು ಅಂತಾರೆ, ಇಲ್ಲ ಅಂದ್ರೆ ಹೊಡೀತಾರೆ, ಕೈಕಾಲು ಕಟ್ಟಿ ಬಾವಿಗೆ ತಳ್ತಾರೆ, ಕಣ್ಣೆದುರೇ ಹೆಂಡತೀನ ಕಟ್ಟಿ ಹಾಕ್ತಾರೆ, ಅಕ್ಕಪಕ್ಕದವರು ಓಡಿ ಹೋಗ್ತಾರೆ. ಇಷ್ಟು ಹೇಳಿ, ಲಿಪಿಕಾರನಿಗೆ ಮಾತ್ರ ತೆರಿಗೆ ಇಲ್ಲ, ಅದಕ್ಕೆ ನೀನು ಲಿಪಿಕಾರನಾಗು ಅಂತ ಮುಗಿಸ್ತಾರೆ! ಹತ್ತು ಹನ್ನೆರಡು ವರ್ಷದ ಹುಡುಗ ಇದನ್ನ ಕೂತು ಕಾಪಿ ಬರೀತಿದ್ದ, ನಾಳೆ ಆ ದಡಕ್ಕೆ ಇಳಿಯೋನು ಅವನೇ. ಓದು ಮನುಷ್ಯನನ್ನ ಮೆದು ಮಾಡತ್ತೆ ಅಂತ ಸುಮ್ಮನೆ ನಂಬೋರು ಇದನ್ನ ಒಂದ್ಸಲ ಓದಬೇಕು.

ಕೆಲಸದ ಬಗೆ ಮಾತ್ರ ಬಹಳ. ಕೆಂಪು ಸಮುದ್ರದ ದಂಡೇಲಿ ವಾದಿ ಅಲ್ ಜರ್ಫ್ ಅನ್ನೋ ಹಳೇ ಬಂದರಲ್ಲಿ 2013ರಲ್ಲಿ ಫ್ರಾನ್ಸಿನ ಪಿಯೆರ್ ತಾಲೆ ತಂಡಕ್ಕೆ ಪಪೈರಸ್ ತುಂಡುಗಳು ಸಿಕ್ಕಿದ್ವು, ಬರಹ ಇರೋ ಪಪೈರಸ್ಸುಗಳಲ್ಲೇ ಅತಿ ಹಳೇವು, ಗೀಜಾದ ದೊಡ್ಡ ಪಿರಮಿಡ್ ಕಟ್ಟಿಸಿದ ಖುಫು ರಾಜನ ಕಾಲದವು. ಮೆರೆರ್ ಅನ್ನೋ ಮೇಸ್ತ್ರಿಯ ತಂಡ ತುರಾ ಕಲ್ಲುಗಣಿಯಿಂದ ಗೀಜಾಕ್ಕೆ ದೋಣೀಲಿ ಕಲ್ಲು ಸಾಗಿಸಿದ ದಿನಚರಿ ಅದು. ಇವತ್ತು ಕಲ್ಲು ತುಂಬಿದ್ದು, ಇವತ್ತು ಹೊರಟಿದ್ದು, ರಾತ್ರಿ ಇಲ್ಲಿ ಉಳಿದಿದ್ದು, ಅಷ್ಟೇ, ಒಂದು ಮಾತು ಹೆಚ್ಚಿಲ್ಲ. ಸೈನ್ಯದ ಜೊತೇಲೂ ಲಿಪಿಕಾರರು ಹೋಗ್ತಿದ್ರು, ಮೂರನೇ ಥುಟ್‌ಮೋಸ್ ರಾಜನ ದಂಡಯಾತ್ರೆ ಬರ್ಕೊಂಡ ತ್ಯಾನೆನಿ ಅನ್ನೋನು ತನ್ನ ಗೋರೀಲಿ ಅದನ್ನ ಹೆಮ್ಮೆಯಿಂದ ಹಾಕಿಸ್ಕೊಂಡಿದಾನೆ. ಇನ್ನು ಕೆಲವರು ಪರದೇಶದ ರಾಜರಿಗೆ ಪತ್ರ ಬರೆಯೋಕೆ ಅಕ್ಕೇಡಿಯನ್ ಭಾಷೆ, ಜೇಡಿಮಣ್ಣಿನ ಮೇಲೆ ಒತ್ತೋ ಲಿಪಿ ಕಲೀತಿದ್ರು. 1887ರಲ್ಲಿ ಅಮರ್ನಾದಲ್ಲಿ ಅಂಥ ಪತ್ರಗಳು ರಾಶಿ ರಾಶಿ ಸಿಕ್ಕವು.

ಆದ್ರೆ ನಾನು ಎಲ್ಲಕ್ಕಿಂತ ಇಷ್ಟಪಡೋದು ಒಂದು ಹಾಜರಿ ಪಟ್ಟೀನ. ದೇರ್ ಎಲ್ ಮದೀನಾದ್ದು, ಎರಡನೇ ರಾಮೆಸಿಸ್‌ನ ಆಳ್ವಿಕೆಯ 40ನೇ ವರ್ಷ, ದೊಡ್ಡ ಸುಣ್ಣಕಲ್ಲಿನ ಚಕ್ಕೆಯ ಎರಡೂ ಕಡೆ ಬರೆದಿದಾರೆ. ಸುಮಾರು 40 ಕೆಲಸಗಾರರ ಹೆಸರು, ಮುಂದೆ ಕಪ್ಪು ಇಂಕಲ್ಲಿ ಬರದೇ ಇದ್ದ ತಾರೀಕು, ಅದರ ಮೇಲೆ ಕೆಂಪು ಇಂಕಲ್ಲಿ ಚಿಕ್ಕದಾಗಿ ಕಾರಣ. ಒಬ್ಬನಿಗೆ ಹುಷಾರಿಲ್ಲ, ಒಬ್ಬನಿಗೆ ಚೇಳು ಕುಟುಕಿದೆ, ಒಬ್ಬ ಬಿಯರ್ ಕಾಯಿಸ್ತಿದಾನೆ, ಒಬ್ಬ ಸತ್ತವರ ಮೈಗೆ ಬಟ್ಟೆ ಸುತ್ತೋಕೆ ಹೋಗಿದಾನೆ, ಒಬ್ಬನ ಮನೇಲಿ ಹೆಣ್ಣುಮಕ್ಕಳಿಗೆ ಮುಟ್ಟು, ಒಬ್ಬನಿಗೆ ಕಣ್ಣುನೋವು, ಇನ್ನೊಬ್ಬ ಸಾಹೇಬರ ಕೆಲಸಕ್ಕೆ ಹೋಗಿದಾನೆ. ಇದನ್ನ ಬರೆದವನಿಗೆ ಇದು ದಿನದ ಕೆಲಸ, ಅಷ್ಟೇ. ಆದ್ರೆ ಮೂರು ಸಾವಿರ ವರ್ಷದ ಹಿಂದೆ ಒಬ್ಬ ಕಲ್ಲುಕುಟಿಗ ಯಾವ ದಿನ ಯಾಕೆ ಮನೇಲಿದ್ದ ಅಂತ ಹೇಳೋದು ಯಾವ ದೇವಸ್ಥಾನದ ಗೋಡೇನೂ ಅಲ್ಲ, ಈ ಪಟ್ಟಿ.

ಪ್ರಶ್ನೆ: ಸಂಬಳ ಹೇಗಿತ್ತು? ಅವರು ಹೇಳ್ಕೊಳ್ಳೋ ಹಾಗೆ ಅಷ್ಟು ದೊಡ್ಡ ಜನಾನಾ? (ಶಿವಮೊಗ್ಗ)

ಉತ್ತರ: ಎಲ್ಲರೂ ಅಲ್ಲ. ಅದೇ ದೇರ್ ಎಲ್ ಮದೀನಾ ಊರಿನ ಲೆಕ್ಕದಲ್ಲಿ ಕೆಲಸಗಾರನಿಗೆ ತಿಂಗಳಿಗೆ ಐದೂವರೆ ಚೀಲ ಧಾನ್ಯ, ಮೇಸ್ತ್ರಿಗೆ, ಲಿಪಿಕಾರನಿಗೆ ಏಳೂವರೆ ಚೀಲ, ಒಂದು ಚೀಲ ಅಂದ್ರೆ ಸುಮಾರು 77 ಲೀಟರ್. ಹೆಚ್ಚು ಹೌದು, ಆಕಾಶಕ್ಕೂ ಭೂಮಿಗೂ ಇರೋವಷ್ಟು ಅಂತರ ಅಲ್ಲ. ಮೂರನೇ ರಾಮೆಸಿಸ್‌ನ 29ನೇ ವರ್ಷ ಧಾನ್ಯ ಬರೋದು ತಡ ಆದಾಗ ಆ ಊರಿನ ಕೆಲಸಗಾರರು ಕೆಲಸ ನಿಲ್ಲಿಸಿ ಹೋಗಿ ದೇವಸ್ಥಾನಗಳ ಹಿಂದೆ ಧರಣಿ ಕೂತ್ರು, ಹಸಿವು ಬಾಯಾರಿಕೆಯಿಂದ ಬಂದಿದೀವಿ, ಬಟ್ಟೆ ಇಲ್ಲ, ಮೀನಿಲ್ಲ, ತರಕಾರಿ ಇಲ್ಲ, ರಾಜನಿಗೆ ಬರೀರಿ ಅಂತ ಕೇಳಿದ್ರು. ಚರಿತ್ರೇಲಿ ದಾಖಲಾದ ಮೊದಲ ಮುಷ್ಕರ ಅಂತ ಇದನ್ನ ಹೇಳ್ತಾರೆ, ಇಟಲಿಯ ಟ್ಯೂರಿನ್ ಮ್ಯೂಸಿಯಮ್ಮಲ್ಲಿ ಆ ಪಪೈರಸ್ ಇದೆ, ಊರಿನ ಲಿಪಿಕಾರ ಅಮೆನ್ನಖ್ತ್ ಇದರ ಮಧ್ಯೆ ಓಡಾಡಿದಾನೆ.

ಮೇಲಕ್ಕೆ ಹೋದವರೂ ಇದ್ರು. ಹಾಪುವಿನ ಮಗ ಅಮೆನ್‌ಹೋಟೆಪ್ ಸೈನ್ಯಕ್ಕೆ ಜನ ಸೇರಿಸೋ ಲಿಪಿಕಾರನಾಗಿದ್ದು ರಾಜನ ಬಲಗೈ ಆದ, ಸತ್ತು ಶತಮಾನಗಳ ಮೇಲೆ ಅವನಿಗೆ ಪೂಜೆ ನಡೀತಿತ್ತು. ಹೊರೆಮ್‌ಹೆಬ್ ಸೇನಾಪತಿ, ಆಮೇಲೆ ರಾಜನೇ ಆದ, ಆದ್ರೆ ರಾಜ ಆಗೋ ಮುಂಚೆ ಮಾಡಿಸ್ಕೊಂಡ ಮೂರ್ತಿಗಳಲ್ಲಿ ಒಂದ್ರಲ್ಲಿ ಚಕ್ಕಂಬಕ್ಕಲ ಹಾಕಿ, ತೊಡೆ ಮೇಲೆ ಸುರುಳಿ ಬಿಚ್ಚಿ, ಲಿಪಿಕಾರನಾಗಿ ಕೂತಿದಾನೆ.

ಪ್ರಶ್ನೆ: ಹೆಣ್ಣುಮಕ್ಕಳಿಗೆ ಕಲಿಸ್ತಿರ್ಲಿಲ್ವಾ? (ಕೋಲಾರ)

ಉತ್ತರ: ಬರವಣಿಗೆಗೆ ದೇವತೆ ಹೆಣ್ಣು, ಸೆಶಾತ್ ಅಂತ, ಥಾತ್ ದೇವರ ಜೊತೆಗಾತಿ. ಹುದ್ದೆ ಮಾತ್ರ ಹೆಚ್ಚೂ ಕಮ್ಮಿ ಗಂಡಸರದ್ದೇ. ದೇರ್ ಎಲ್ ಮದೀನಾದಲ್ಲಿ ಹೆಂಗಸರು ಕಳಿಸಿದ, ಹೆಂಗಸರಿಗೆ ಬಂದ ಚೀಟಿಗಳು ಸಿಕ್ಕಿವೆ, ಕೆಲವರಿಗಾದ್ರೂ ಓದೋಕೆ ಬರ್ತಿದ್ದಿರಬೇಕು. ಅದೇ ಊರಿನ ನೌನಖ್ತೆ ಅನ್ನೋ ಅಜ್ಜಿಯ ಕಥೆ ಹೇಳಲೇಬೇಕು. ಆಕೆಯ ಮೊದಲ ಗಂಡ ಕೆನ್‌ಹೆರ್‌ಖೆಪ್‌ಶೆಫ್ ಆ ಊರಿನ ಹೆಸರುವಾಸಿ ಲಿಪಿಕಾರ, ಕೈಬರಹ ಮಾತ್ರ ತೀರಾ ಗೀಚು. ಎರಡನೇ ಮದುವೇಲಿ ಎಂಟು ಮಕ್ಕಳನ್ನ ಸಾಕಿದ ಈಕೆ, ಐದನೇ ರಾಮೆಸಿಸ್‌ನ 3ನೇ ವರ್ಷ ಪಂಚಾಯ್ತಿ ಮುಂದೆ ನಿಂತು, ನಾನೀಗ ಮುದುಕಿ, ನನ್ನನ್ನ ನೋಡ್ಕೊಂಡ ಮಕ್ಕಳಿಗೆ ನನ್ನ ಆಸ್ತಿ, ನೋಡ್ಕೊಳ್ಳದವರಿಗೆ ಇಲ್ಲ ಅಂತ ಹೇಳಿ ಬರೆಸಿದ್ಲು. ಆ ವಿಲ್ ಇವತ್ತಿಗೂ ಇದೆ. ಹೇಳಿದ್ದು ಅಜ್ಜಿ, ಬರೆದಿದ್ದು ಲಿಪಿಕಾರ, ಅವನ ಕೆಲಸದಿಂದ ಒಬ್ಬ ಮುದುಕಿಗೆ ನ್ಯಾಯ ಸಿಕ್ಕಿದ ಸಂದರ್ಭ ಇದು.

ಪ್ರಶ್ನೆ: ಈಜಿಪ್ಟಿನ ಪಪೈರಸ್ಸಲ್ಲಿ ಕನ್ನಡ ಇದೆ ಅಂತ ವಾಟ್ಸಾಪಲ್ಲಿ ಬಂತು, ನಿಜಾನಾ? (ಉಡುಪಿ)

ಉತ್ತರ: ವಿಷಯಕ್ಕೆ ಆಧಾರ ಇದೆ, ಆದ್ರೆ ಅದು ತೀರ್ಮಾನ ಆಗಿಲ್ಲ. ಆಕ್ಸಿರಿಂಕಸ್ ಅನ್ನೋ ಊರಿನ ತಿಪ್ಪೆಗುಡ್ಡೆಗಳನ್ನ ಗ್ರೆನ್‌ಫೆಲ್ ಮತ್ತು ಹಂಟ್ ಅನ್ನೋ ಇಬ್ಬರು 1897ರ ಹೊತ್ತಿಂದ ಅಗೆದ್ರು, ಅಲ್ಲಿ ಸಿಕ್ಕಿದ ಒಂದು ಗ್ರೀಕ್ ಪ್ರಹಸನ 1903ರಲ್ಲಿ ಅಚ್ಚಾಯ್ತು. ಪ್ರತಿ ಕ್ರಿ.ಶ. 2ನೇ ಶತಮಾನದ್ದು. ಕಥೇಲಿ ಒಬ್ಬ ಗ್ರೀಕ್ ಹೆಣ್ಣುಮಗಳು ಭಾರತದ ಕರಾವಳೀಲಿ ಸೆರೆ ಸಿಕ್ಕಿರ್ತಾಳೆ, ಅವಳ ಸೋದರ, ಅವನ ಜೊತೆಯವರು ಸೇರಿ ರಾಜನಿಗೆ ಕುಡಿಸಿ ಬಿಡಿಸ್ಕೊಂಡು ಹೋಗ್ತಾರೆ. ಆ ರಾಜ ಮತ್ತವನ ಕಡೆಯವರು ಆಡೋ ಮಾತು ಗ್ರೀಕ್ ಅಲ್ಲ, ಗ್ರೀಕ್ ಅಕ್ಷರದಲ್ಲಿ ಬರೆದ ಬೇರೇನೋ. ಅದು ಕನ್ನಡ ಅಂತ 1904ರಲ್ಲಿ ಜರ್ಮನಿಯ ವಿದ್ವಾಂಸ ಹುಲ್ಶ್ ಹೇಳಿದ್ರು, ಆಮೇಲೆ ನಮ್ಮ ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಅದನ್ನ ಮುಂದುವರಿಸಿದ್ರು. ತುಳು ಅಂದವರಿದಾರೆ, ನಗಿಸೋಕೆ ಹಾಕಿದ ಸುಮ್ಮನೆ ಸದ್ದು ಅಂದವರೂ ಇದಾರೆ. ಸಾಬೀತಾಗಿ ಹೋಗಿದೆ ಅನ್ನೋ ಥರ ಫಾರ್ವರ್ಡ್ ಮಾಡೋದು ಬೇಡ.

ಒಂದು ವ್ಯತ್ಯಾಸ ಮಾತ್ರ ಗಮನಿಸಿ, ಅದನ್ನ ನಕಲು ಮಾಡಿದವನು ನಾವು ಇಲ್ಲಿವರೆಗೆ ಮಾತಾಡಿದ ಹೈರಾಟಿಕ್ ಲಿಪಿಕಾರ ಅಲ್ಲ. ಆ ಹೊತ್ತಿಗೆ ಈಜಿಪ್ಟ್ ರೋಮನ್ನರ ಕೈಲಿತ್ತು, ಆಫೀಸು, ಕೋರ್ಟು, ಪುಸ್ತಕ ಎಲ್ಲಾ ಗ್ರೀಕಲ್ಲಿ, ಹಳೇ ಲಿಪಿಗಳು ದೇವಸ್ಥಾನದ ಪೂಜಾರಿಗಳ ಹತ್ರ ಉಳ್ಕೊಂಡಿದ್ವು. ನಮಗೆ ಗೊತ್ತಿರೋ ಕಡೇ ಹೈರೋಗ್ಲಿಫ್ ಶಾಸನ ಫಿಲೇ ದೇವಸ್ಥಾನದ್ದು, ಕ್ರಿ.ಶ. 394. ಅಲ್ಲಿಂದ ಮುಂದೆ 1822ರಲ್ಲಿ ಫ್ರಾನ್ಸಿನ ವಿದ್ವಾಂಸ ಷಾಂಪೋಲಿಯೋ ಬಿಡಿಸೋವರೆಗೆ ಅದನ್ನ ಸರಿಯಾಗಿ ಓದೋರು ಇರ್ಲಿಲ್ಲ.

ಪ್ರಶ್ನೆ: ಇವನ್ನೆಲ್ಲ ನೋಡೋಕೆ ಅಲ್ಲಿಗೇ ಹೋಗಬೇಕಾ? (ತುಮಕೂರು, ಇನ್ನೂ ಮೂವರು)

ಉತ್ತರ: ಬೇಕಾಗಿಲ್ಲ. ಬ್ರಿಟಿಷ್ ಮ್ಯೂಸಿಯಂ ವೆಬ್‌ಸೈಟಲ್ಲಿ ಇಎ 5634 ಅನ್ನೋ ನಂಬರ್ ಹಾಕಿ ಹುಡುಕಿ, ಆ ಹಾಜರಿ ಪಟ್ಟಿಯ ಫೋಟೋ ಬರತ್ತೆ, ದೊಡ್ಡದು ಮಾಡಿ ನೋಡಿದ್ರೆ ಕೆಂಪು ಅಕ್ಷರ ಬೇರೆ, ಕಪ್ಪು ಅಕ್ಷರ ಬೇರೆ ಅಂತ ಚೆನ್ನಾಗಿ ಕಾಣತ್ತೆ. ರಿಂಡ್ ಪಪೈರಸ್ಸೂ ಅಲ್ಲೇ ಇದೆ. ಮೆಕೆತ್ರೆಯ ಕಣಜ, ಹೊರೆಮ್‌ಹೆಬ್ ಮೂರ್ತಿ ಎರಡೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂದು, ಅವರ ಸೈಟಲ್ಲಿ ಫೋಟೋಗಳು ಪುಕ್ಕಟೆ. ಮಕ್ಕಳಿದ್ರೆ ಪಕ್ಕದಲ್ಲಿ ಕೂರಿಸ್ಕೊಂಡು ಮೊದಲು ಕಣಜ ತೋರಿಸಿ, ಬರ್ಕೊಳ್ಳೋರು ಯಾರು, ಹೊರೋರು ಯಾರು ಅಂತ ಅವರೇ ಹುಡುಕ್ತಾರೆ.